ಆಸ್ಕರ್ ಮೀನಿನ ಮರಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

"ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯೋದು ಸಾರ್" ಅಂತ ಅಕ್ವೇರಿಯಂ ಅಂಗಡಿಯವನು ಹೇಳಿದರೆ ಅಲ್ಲಿಂದ ಸುಮ್ಮನೆ ಎದ್ದು ಬನ್ನಿ. ಇದೇ ಮಾತು ಹೇಳಿ ನಮಗೊಬ್ಬ ಎರಡಡಿ ಟ್ಯಾಂಕು, ಎರಡು ಆಸ್ಕರ್ ಮರಿ, ಅವುಗಳ ಜೊತೆಗಿರಲಿ ಅಂತ ಒಂದಷ್ಟು ನಿಯಾನ್ ಟೆಟ್ರಾ ಅನ್ನುವ ಪುಟಾಣಿ ಮೀನು ಮಾರಿದ. "ಗಂಡು-ಹೆಣ್ಣು ಜೋಡಿ" ಅಂತ ಹೆಚ್ಚಿಗೆ ದುಡ್ಡೂ ಕಿತ್ತ. ಆಸ್ಕರ್‌ನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಮೊಟ್ಟೆಯಿಡುವ ಕಾಲ ಬರುವವರೆಗೆ ಹೊರಗಿನಿಂದ ನೋಡಿ ಹೇಳಲಾಗದು. ಮರಿಯಲ್ಲಂತೂ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಮೊದಲು ಟೆಟ್ರಾಗಳು ಒಂದೊಂದಾಗಿ ಮಾಯವಾದವು. ಫೋನ್ ಮಾಡಿದರೆ "ಫಿಲ್ಟರ್ ಹಿಂದೆ ನೋಡಿ ಸಾರ್" ಅಂದ. ಒಂದು ಸಂಜೆ ನನ್ನ ಕಣ್ಣೆದುರೇ ನಡೆಯಿತು: ಆಸ್ಕರ್ ಅಟ್ಟಿಸಿಕೊಂಡೇನೂ ಹೋಗಲಿಲ್ಲ, ನಿಂತಲ್ಲೇ ನಿಂತಿತ್ತು. ಟೆಟ್ರಾ ಮೂತಿಯ ಹತ್ತಿರ ಬಂದದ್ದೇ ತಡ, ಬಾಯಿ ಚಾಚಿ ತೆರೆಯಿತು. ನೀರಿನ ಜೊತೆ ಮೀನೂ ಒಳಗೆ. ಅಮೆಜಾನ್ ನದಿಯ ಕಡೆಯ ಬೇಟೆಗಾರ ಮೀನು ಇದು. ಅಲ್ಲಿ ಹುಳ, ಸಿಗಡಿ, ಸಣ್ಣ ಮೀನು ತಿಂದುಕೊಂಡಿರುತ್ತದೆ. ಬಾಯಿಗೆ ಹಿಡಿಸುವ ಗಾತ್ರದ್ದೆಲ್ಲ ಅದಕ್ಕೆ ಊಟವೇ.

ಚೆನ್ನಾಗಿ ತಿಂದರೆ ಮೊದಮೊದಲು ತಿಂಗಳಿಗೆ ಸುಮಾರು ಒಂದಿಂಚು ಬೆಳೆಯುತ್ತದೆ. ಒಂದಡಿ ಆಗುವುದು ಮಾಮೂಲು, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಎರಡಡಿ ಟ್ಯಾಂಕಿನಲ್ಲಿ ಅಷ್ಟು ದೊಡ್ಡ ಮೀನು ತಿರುಗುವುದಾದರೂ ಹೇಗೆ? ನಿಜವಾದ ಸಮಸ್ಯೆ ಜಾಗಕ್ಕಿಂತ ಹೇಲಿನದು. ತಿನ್ನುವುದೂ ಜಾಸ್ತಿ, ಹೊಲಸೂ ಜಾಸ್ತಿ. ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಏರುತ್ತದೆ, ಅದು ಮೀನಿಗೆ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರ್‌ನಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ನಮಗೆ ಕೊಟ್ಟಿದ್ದು ಅಂಗೈಯಗಲದ ಸ್ಪಂಜು ಫಿಲ್ಟರ್.

ಇನ್ನು ಅದರ ಸ್ವಭಾವ. ಪ್ಲಾಸ್ಟಿಕ್ ಗಿಡ ಕೀಳುವುದು, ಕಲ್ಲನ್ನು ಬಾಯಲ್ಲೆತ್ತಿ ಗಾಜಿನತ್ತ ಎಸೆಯುವುದು, ಹೀಟರ್ ಕಿತ್ತುಹಾಕುವುದು ದಿನನಿತ್ಯದ್ದು. ನೀರು ಬದಲಿಸಿದ ದಿನ ಒಂದು ಪಕ್ಕಕ್ಕೆ ಮಲಗಿಬಿಟ್ಟಿತು. ಸತ್ತೇಹೋಯಿತು ಅಂತ ಮಗಳು ಅತ್ತಳು. ಅದು ಆಸ್ಕರ್‌ನ ಮುನಿಸು, ಸ್ವಲ್ಪ ಹೊತ್ತಿಗೆ ಎದ್ದು ಊಟ ಕೇಳಲು ಗಾಜಿನ ಹತ್ತಿರ ಬಂತು. ಇಂಥದ್ದಕ್ಕೇ ಜನ ಮರುಳಾಗುವುದು, ಸುಳ್ಳೇಕೆ.

ಅಂಗಡಿಯವನ ಮುಂದಿನ ವ್ಯಾಪಾರ ಜೀವಂತ ಗೋಲ್ಡ್‌ಫಿಶ್. "ವಾರಕ್ಕೊಂದ್ಸಲ ಹಾಕಿ, ಕೆಂಪು ಬಣ್ಣ ಬರುತ್ತೆ." ಖಂಡಿತ ಹಾಕಬೇಡಿ. ಗೋಲ್ಡ್‌ಫಿಶ್‌ನಲ್ಲಿ ಥಯಮಿನೇಸ್ ಅನ್ನುವ ಅಂಶವಿದೆ, ಅದು ವಿಟಮಿನ್ ಬಿ1 ಅನ್ನು ಹಾಳುಮಾಡುತ್ತದೆ. ಜೊತೆಗೆ ಅಂಗಡಿಯ ತೊಟ್ಟಿಯ ಪರಾವಲಂಬಿಗಳೂ ಉಚಿತ. ಒಳ್ಳೆಯ ಪೆಲೆಟ್ (ಗುಳಿಗೆಯಂಥ ಒಣ ಆಹಾರ), ಆಗಾಗ ಸಿಗಡಿ ಸಾಕು. ಕೊನೆಗೆ ನಮ್ಮ ಮೀನೊಂದರ ತಲೆಯ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ಕುಳಿಗಳು ಕಂಡವು, ಬರುಬರುತ್ತಾ ಅಗಲವಾದವು. ಹೋಲ್ ಇನ್ ದ ಹೆಡ್ ಎನ್ನುತ್ತಾರೆ. ಕೆಟ್ಟ ನೀರು, ಕಳಪೆ ಆಹಾರ, ಪರಾವಲಂಬಿ, ಎಲ್ಲವೂ ಸೇರಿ ಬರುವ ಕಾಟ. ಅದಕ್ಕೂ ಅವನು ನೀಲಿ ಔಷಧಿ ಮಾರಿದ. ಮೀನು ಉಳಿಯಲಿಲ್ಲ.

ಇನ್ನೊಂದನ್ನು ವಾಪಸ್ ತಗೊಳ್ಳಯ್ಯ ಅಂದರೆ "ದೊಡ್ಡದು ಹೋಗಲ್ಲ ಸಾರ್, ಕೆರೆಗೆ ಬಿಡಿ, ಪುಣ್ಯ ಬರುತ್ತೆ" ಅಂದ! ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುಪ್ರದೇಶದಲ್ಲಿ ಆಸ್ಕರ್ ಹೀಗೇ ಹೊರಗಿನಿಂದ ಬಂದು, ಮರಿಮಾಡಿ ತುಂಬಿಕೊಂಡಿದೆ. ನಮ್ಮ ದೇಶದ ಕೆರೆ-ನದಿಗಳಲ್ಲೂ ಅಕ್ವೇರಿಯಂನಿಂದ ಬಂದ, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮೀನು ಆಗಲೇ ಬಲೆಗೆ ಬೀಳುತ್ತಿದೆ. ಆರಡಿ ಟ್ಯಾಂಕ್ ಇರುವ ಪರಿಚಯದವರೊಬ್ಬರಿಗೆ ಕೊಟ್ಟೆವು.

ಇಷ್ಟೆಲ್ಲ ಕೇಳಿಯೂ ಸಾಕಲೇಬೇಕೆಂದರೆ ಒಂದೇ ಮೀನಿಗೆ ಕನಿಷ್ಠ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಟ್ಯಾಂಕ್, ಅಂದರೆ ಸುಮಾರು 250 ಲೀಟರ್ ನೀರು ಬೇಕು. ಗಾಜು, ಕಲ್ಲು ಸೇರಿ 300 ಕಿಲೋ ದಾಟುತ್ತದೆ. ಟಿವಿ ಸ್ಟ್ಯಾಂಡ್ ಮೇಲೆ ಮಾತ್ರ ಇಡಬೇಡಿ.