ರೈಟ್ ಕೇಳಿದೆ, ಬೇರೆ ರೈಟ್ ಬಂತು

ಮೊದಲೇ ಹೇಳಿಬಿಡುತ್ತೇನೆ, ಹಳ್ಳಿ ಇಂಗ್ಲಿಷಿನ ಪದಗಳಿಗೆ ಯಾವ ನಿಘಂಟು ಅಂದರೆ ನನ್ನ ಓಟು ಜೋಸೆಫ್ ರೈಟ್ ನಿಘಂಟಿಗೆ. ಆದರೆ ದುಡ್ಡು ಕೊಟ್ಟು ತಂದಿದ್ದು ಥಾಮಸ್ ರೈಟ್ ನಿಘಂಟನ್ನು.

ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಓದುತ್ತಿದ್ದೆ. ಅದರಲ್ಲಿ ಜೋಸೆಫ್ ಅಂತ ಒಬ್ಬ ಮುದುಕ ಆಳು. ಬಾಯಿ ಬಿಟ್ಟರೆ ಉತ್ತರ ಇಂಗ್ಲೆಂಡಿನ ಅಪ್ಪಟ ಯಾರ್ಕ್‌ಷೈರ್ ಮಾತು. ಯಜಮಾನ ಬೇಕಿದ್ದರೆ ‘ಲೇಥ್’ ಸುತ್ತಿಕೊಂಡು ಹೋಗು ಅಂತ ಒಬ್ಬನಿಗೆ ಗದರುತ್ತಾನೆ. ನನಗೆ ಗೊತ್ತಿದ್ದಿದ್ದು ವರ್ಕ್‌ಶಾಪಿನ ಲೇಥ್ ಮಷೀನು ಒಂದೇ. ಇದು ಹುಲ್ಲು, ಕಾಳು ತುಂಬಿಡುವ ಕಟ್ಟಡ. 14ನೇ ಶತಮಾನದಲ್ಲೇ ಇಂಗ್ಲಿಷ್ ಕವಿ ಚಾಸರ್ ಇದೇ ಪದವನ್ನು ಉತ್ತರದ ಒಬ್ಬ ಹುಡುಗನ ಬಾಯಿಂದ ಆಡಿಸಿದ್ದಾನೆ.

ಇಂಥ ಪದಗಳಿಗೆ ‘ರೈಟ್ ಡಿಕ್ಷನರಿ ತಗೋ’ ಅಂದರು ಗೊತ್ತಿದ್ದವರೊಬ್ಬರು. ರೈಟ್ ಅಂತ ಹುಡುಕಿದೆ. ಹೆಸರಲ್ಲಿ ‘ಪ್ರೊವಿನ್ಶಿಯಲ್ ಇಂಗ್ಲಿಷ್’, ಅಂದರೆ ಹಳ್ಳಿಗಾಡಿನ ಇಂಗ್ಲಿಷ್ ಅಂತಲೂ ಇತ್ತು. ಸಾವಿರದ ಚಿಲ್ಲರೆ ಕೊಟ್ಟು ತರಿಸಿದೆ.

ಇಬ್ಬರು ರೈಟ್ ಇದ್ದಾರೆ ಅಂತ ಯಾರೂ ಹೇಳಿರಲಿಲ್ಲ! ಥಾಮಸ್ ಅವರದು 1857ರದ್ದು, ಎರಡು ಸಂಪುಟ. ಜೋಸೆಫ್ ಅವರದು 1898ರಿಂದ 1905ರವರೆಗೆ ಬಂದ ಆರು ದಪ್ಪ ಸಂಪುಟ. ಇಬ್ಬರಿಗೂ ನಂಟಿಲ್ಲ. ಇಬ್ಬರೂ ಹಳ್ಳಿ ಇಂಗ್ಲಿಷಿನ ಪದ ಕೂಡಿಸಿದವರೇ. ಅಂಗಡಿಯಲ್ಲಿ ಬರೀ ರೈಟ್ ಅಂದರೆ ಯಾವುದು ಕೈಗೆ ಬಂದರೂ ಬಂತು.

ವಾಪಸ್ ತಗೊಳ್ಳಿ ಅಂತ ಫೋನ್ ಮಾಡಿದೆ. ‘ರೈಟ್ ಅಂತಲೇ ಕೇಳಿದ್ರಲ್ಲಾ ಸಾರ್’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ ಕಂಡಕ್ಟರ್ ‘ರೈಟ್ ರೈಟ್’ ಅಂದಾಗೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ. ಬಂದ ಮರುಮುದ್ರಣವೂ ಸುಮಾರು. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು, ಸಣ್ಣ ಅಕ್ಷರ ಮಸುಕು ಮಸುಕು.

ಥಾಮಸ್ ಕೆಟ್ಟ ಪುಸ್ತಕ ಅಂತಲ್ಲ. ಹಳೆ ಸಾಹಿತ್ಯದಲ್ಲಷ್ಟೇ ಉಳಿದ ಪದಗಳಿಗೆ ಅದೇ ಬೇಕು. ಉದಾಹರಣೆಗೆ ಇಂಗ್ಲಿಷಿನ ‘ಡೀರ್’ ಮೊದಲು ಯಾವ ಪ್ರಾಣಿಗಾದರೂ ಸಲ್ಲುತ್ತಿತ್ತು. ಷೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ನಲ್ಲಿ ಇಲಿ, ಹೆಗ್ಗಣಗಳ ಜೊತೆ ‘ಸಣ್ಣ ಡೀರ್’ ಬರುತ್ತದೆ. ನಮ್ಮ ಮೃಗವೂ ಹೀಗೇ ಅಲ್ವಾ? ಮೃಗಾಲಯದಲ್ಲಿ ಎಲ್ಲ ಪ್ರಾಣಿ, ಕೃಷ್ಣಮೃಗದಲ್ಲಿ ಬರೀ ಜಿಂಕೆ. ಆದರೆ ಥಾಮಸ್ ಒಂದೆರಡು ಮಾತಲ್ಲಿ ಅರ್ಥ ಹೇಳಿ ಮುಗಿಸುವುದೇ ಜಾಸ್ತಿ.

ಇದೇ ಬಗೆಯ ಇನ್ನೊಂದು ಇದೆ, ಹ್ಯಾಲಿವೆಲ್ ಎಂಬವರ ನಿಘಂಟು, 1847ರದ್ದು. ಅದೇ ವರ್ಷ ಬ್ರಾಂಟೆ ಕಾದಂಬರಿಯೂ ಬಂತು. ಪದ ಐವತ್ತು ಸಾವಿರಕ್ಕೂ ಹೆಚ್ಚು, ವಿವರ ಕಡಿಮೆ.

ಜೋಸೆಫ್ ಹಾಗಲ್ಲ. ಪದ ಯಾವ ಕೌಂಟಿಯದು (ನಮ್ಮ ಜಿಲ್ಲೆಯ ಹಾಗೆ), ಹೇಗೆ ಉಚ್ಚರಿಸುತ್ತಾರೆ, ಜನ ಯಾವ ವಾಕ್ಯದಲ್ಲಿ ಆಡಿದರು, ಎಲ್ಲ ಇರುತ್ತದೆ. ‘ಸ್ಟಾರ್ವ್’ ಅಂದರೆ ಉಪವಾಸ ಅಂತ ನಾವು ಕಲಿತಿದ್ದೇವೆ. ಅದರ ಮೂಲ ಅರ್ಥ ಬರೀ ಸಾಯುವುದು. ಉತ್ತರದ ಕಡೆ ಚಳಿಗೆ ಮರಗಟ್ಟಿದರೂ ಸ್ಟಾರ್ವ್. ಹಸಿವಿಗೆ ಲಂಕಾಷೈರ್‌ನಲ್ಲಿ ‘ಕ್ಲೆಮ್’ ಅಂತ ಬೇರೆ ಪದವೇ ಇದೆ. ಇನ್ನೊಂದು ಮಾತು. ಈ ಜೋಸೆಫ್ ಯಾರ್ಕ್‌ಷೈರ್‌ನವರೇ, ಬ್ರಾಂಟೆ ಊರಿನ ಹತ್ತಿರದವರು. ಚಿಕ್ಕಂದಿನಲ್ಲೇ ಗಿರಣಿಗೆ ಸೇರಿ, ಹದಿಹರೆಯದಲ್ಲಿ ಓದಲು ಕಲಿತು, ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು. ಮುದುಕ ಜೋಸೆಫ್‌ನ ಮಾತು ಬಿಡಿಸಲು ಇವರಿಗಿಂತ ಬೇಕಾ?

ಕೊರತೆಯೂ ಇದೆ. ಆ ನಿಘಂಟು ಬಂದ ಕಾಲಕ್ಕೆ ಹಿಂದಿನ ಸುಮಾರು 200 ವರ್ಷದಲ್ಲಿ ಜನರ ಬಾಯಲ್ಲಿದ್ದ ಪದಗಳಷ್ಟೇ ಸಿಗುತ್ತವೆ. ಸಂಕ್ಷೇಪಗಳು ತಲೆ ತಿನ್ನುತ್ತವೆ.

ಇಡೀ ಆರು ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯ ಆನ್‌ಲೈನ್ ಆವೃತ್ತಿಯನ್ನೂ ಮಾಡಿದೆ. ನಾನು ರಾತ್ರಿ ಹಾಸಿಗೆಯಲ್ಲಿ ಮೊಬೈಲಿನಲ್ಲಿ ಓದುವವನು, ಸಾಕು. ಮೊದಲೇ ಇದು ಗೊತ್ತಿದ್ದರೆ ಸಾವಿರ ಉಳಿಯುತ್ತಿತ್ತು. ಹುಡುಕುವಾಗ ‘ಜೋಸೆಫ್’ ಅಂತ ಪೂರ್ತಿ ಟೈಪ್ ಮಾಡಿ. ‘ಲೇಥ್’ ಬೇಕಿದ್ದರೆ ಮೂರನೇ ಸಂಪುಟ ತೆರೆಯಿರಿ, ಅದು ಎಚ್‌ನಿಂದ ಎಲ್‌ವರೆಗೆ.