14 ತಿಂಗಳು, ಮೂರು ಡಬ್ಬಿ ಶಿಯಾ ಬೆಣ್ಣೆ

ನನ್ನ ಕಣಕಾಲಿನ ಮೇಲೆ ಉಗುರಿನಿಂದ ಹೆಸರು ಬರೆಯಬಹುದಿತ್ತು. ಬರೆದದ್ದು ಬಿಳಿಯ ಅಕ್ಷರಗಳಲ್ಲಿ ಅಚ್ಚುಕಟ್ಟಾಗಿ ಮೂಡುತ್ತಿತ್ತು ಕೂಡ. ಕಪ್ಪು ಸಾಕ್ಸ್ ತೆಗೆದು ಕೊಡವಿದರೆ ಹೊಟ್ಟು ಉದುರುತ್ತಿತ್ತು. ರಾತ್ರಿ ಹೊದಿಕೆಯೊಳಗೆ ಕಾಲು ಬೆಚ್ಚಗಾದೊಡನೆ ನವೆ ಶುರುವಾಗುತ್ತಿತ್ತು. ನಿದ್ದೆಗಣ್ಣಿನಲ್ಲಿ ಕೆರೆದುಕೊಂಡದ್ದೆಲ್ಲ ಬೆಳಿಗ್ಗೆ ಕೆಂಪು ಗೀರುಗಳಾಗಿ ಕಾಣುತ್ತಿತ್ತು. ಇದು ಯಾವ ಚರ್ಮರೋಗವೂ ಅಲ್ಲ, ಬರೀ ಒಣ ಚರ್ಮ ಎಂದು ವೈದ್ಯರು ಹೇಳಿಯಾಗಿತ್ತು. ಆ ‘ಬರೀ’ ಎಂಬ ಮಾತು ಹೇಳುವವರಿಗೆ ಸುಲಭ, ಕೆರೆದುಕೊಳ್ಳುವವರಿಗಲ್ಲ.

ಅಲ್ಲಿಯವರೆಗೆ ನಾನು ಬಳಸುತ್ತಿದ್ದುದು ಸಾಮಾನ್ಯ ಬಾಡಿ ಲೋಷನ್. ಹಚ್ಚಿದ ಕೂಡಲೇ ಹಿತ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಬೂದಿ ಬಳಿದಂಥ ಕಾಲು. ಮೂರು ವಾರಕ್ಕೊಂದು ಬಾಟಲಿ ಖಾಲಿಯಾಗುತ್ತಿತ್ತು. ಒಂದು ದಿನ ಖಾಲಿ ಬಾಟಲಿಯನ್ನು ಎಸೆಯುವ ಮೊದಲು ಅದರ ಹಿಂಬದಿಯ ಪಟ್ಟಿಯನ್ನು ಓದಿದೆ. ಇಂಥ ಪಟ್ಟಿಗಳಲ್ಲಿ ಯಾವುದು ಹೆಚ್ಚು ತೂಕವಿದೆಯೋ ಅದು ಮೊದಲು ಬರುತ್ತದೆ. ಮೊದಲು ಬಂದದ್ದು ನೀರು. ನಾನು ಇಷ್ಟು ದಿನ ಸುಂದರವಾದ ಬಾಟಲಿಯಲ್ಲಿ ನೀರನ್ನು ಹೊತ್ತು ತರುತ್ತಿದ್ದೆ! ನೀರು ಸೇರಿದ ಮೇಲೆ ಅದರಲ್ಲಿ ಬೂಷ್ಟು ಬರದಂತೆ ಸಂರಕ್ಷಕ ಬೇಕು, ನೀರು ಮತ್ತು ಎಣ್ಣೆ ಬೇರೆಯಾಗದಂತೆ ಬೆಸೆಯಲು ಇನ್ನೊಂದು ಬೇಕು, ಇವೆಲ್ಲದರ ವಾಸನೆ ಮುಚ್ಚಲು ಸುಗಂಧ ಬೇಕು. ಇವು ಯಾವುವೂ ವಿಷವಲ್ಲ, ಹಾಗೆ ಹೆದರಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ನನ್ನ ಕಾಲಿಗೆ ಬೇಕಾದದ್ದು ಜಿಡ್ಡು. ಅದನ್ನೇ ನೇರವಾಗಿ ಕೊಂಡರೆ ಹೇಗೆ ಎನಿಸಿತು. ಹಾಗೆ ಬಂದದ್ದು ಸಂಸ್ಕರಿಸದ ಶಿಯಾ ಬೆಣ್ಣೆಯ 200 ಗ್ರಾಂ ಡಬ್ಬಿ. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು.

ಮುಚ್ಚಳ ತೆಗೆದಾಗ ನಿರಾಸೆಯೇ ಆಯಿತು. ಮಾಸಲು ದಂತದ ಬಣ್ಣ, ಮೇಣದಷ್ಟು ಗಟ್ಟಿ, ಹುರಿದ ಬೀಜಕ್ಕೆ ಒಂದಿಷ್ಟು ಹೊಗೆ ಬೆರೆತಂಥ ವಾಸನೆ. ಕೆಟ್ಟಿದೆಯೇನೋ ಎಂದುಕೊಂಡೆ, ಇಲ್ಲ, ಅದರ ಸಹಜ ವಾಸನೆಯೇ ಹಾಗೆ. ಪಶ್ಚಿಮ ಆಫ್ರಿಕಾದಿಂದ ಪೂರ್ವಕ್ಕೆ ಉಗಾಂಡದವರೆಗೆ ಹಬ್ಬಿರುವ ಹುಲ್ಲುಗಾವಲು ಪಟ್ಟಿಯಲ್ಲಿ ಬೆಳೆಯುವ ಶಿಯಾ ಮರದ ಬೀಜದಿಂದ ಇದನ್ನು ತೆಗೆಯುತ್ತಾರೆ. ಬಿದ್ದ ಹಣ್ಣನ್ನು ಆರಿಸಿ, ಬೀಜವನ್ನು ಒಣಗಿಸಿ, ಒಡೆದು, ಹುರಿದು, ಅರೆದು, ನೀರು ಬೆರೆಸಿ ಕೈಯಿಂದ ಕಡೆಯುತ್ತಾರೆ; ಮೇಲೆ ತೇಲಿದ ಕೊಬ್ಬನ್ನು ಕಾಯಿಸಿ ಸೋಸುತ್ತಾರೆ. ಈ ಕೆಲಸ ಬಹುತೇಕ ಹೆಂಗಸರದ್ದೇ. ಮರ ಫಲ ಕೊಡಲು 15–20 ವರ್ಷ ಬೇಕಾಗುವುದರಿಂದ ತೋಟ ಹಾಕಿ ಬೆಳೆಯುವವರು ಕಡಿಮೆ. ಹುರಿಯುವ ಹಂತದ ಹೊಗೆಯೇ ನನ್ನ ಡಬ್ಬಿಯವರೆಗೂ ಬಂದಿತ್ತು. ಎರಡು ವಾರದಲ್ಲಿ ಮೂಗು ಒಗ್ಗಿಕೊಂಡಿತು. ಮನೆಯ ಉಳಿದವರ ಮೂಗು ಇನ್ನೂ ಒಗ್ಗಿಲ್ಲ.

ಮೊದಲ ಮೂರು ವಾರ ಇದು ಶುದ್ಧ ದಂಡ ಎಂದೇ ಅಂದುಕೊಂಡಿದ್ದೆ. ರಾತ್ರಿ ಮಲಗುವ ಮೊದಲು, ಒಣಗಿ ಬಿರುಸಾದ ಕಾಲಿಗೆ ಹಚ್ಚುತ್ತಿದ್ದೆ. ಮೇಲೆ ಮಿರಮಿರ ಮಿಂಚು, ಒಳಗೆ ಅದೇ ಬಿಗಿತ. ನವೆಯೂ ನಿಲ್ಲಲಿಲ್ಲ. ಕಾಲು ಜಾರಿ ಸ್ನಾನದ ಮನೆಯಲ್ಲಿ ಬೀಳುವುದೊಂದು ಬಾಕಿ. ನನ್ನ ಗೊಣಗಾಟ ಕೇಳಿ ಅಕ್ಕ ಒಂದು ಪ್ರಶ್ನೆ ಕೇಳಿದಳು.

“ಯಾವಾಗ ಹಚ್ಚುತ್ತೀಯ?”

“ಮಲಗುವಾಗ.”

“ಸ್ನಾನ?”

“ಬೆಳಿಗ್ಗೆ.”

“ಖಾಲಿ ಪಾತ್ರೆಗೆ ಮುಚ್ಚಳ ಹಾಕಿ ಕಾಯುತ್ತಾ ಕೂತಿದ್ದೀಯಲ್ಲೋ. ಒಳಗೆ ನೀರಿದ್ದರಲ್ಲವೇ ಮುಚ್ಚಳಕ್ಕೆ ಕೆಲಸ!”

ಅಕ್ಕ ಹೇಳಿದ್ದು ಅಕ್ಷರಶಃ ಸರಿ. ಚರ್ಮದ ಅತ್ಯಂತ ಹೊರಗಿನ ಪದರದ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಮಾತ್ರ, ಅಂಗೈ ಅಂಗಾಲುಗಳನ್ನು ಬಿಟ್ಟರೆ. ಸತ್ತ ಜೀವಕೋಶಗಳು ಅಲ್ಲಿ ಇಟ್ಟಿಗೆಗಳ ಹಾಗೆ ಜೋಡಿಸಿಕೊಂಡಿರುತ್ತವೆ, ನಡುವೆ ಗಾರೆಯ ಹಾಗೆ ಸೆರಮೈಡ್ ಎಂಬ ಜಿಡ್ಡು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಗಾರೆ ಉದುರಿದ ಗೋಡೆಯಿಂದ ಒಳಗಿನ ನೀರು ಸದಾ ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಬಿಸಿನೀರಿನ ಸ್ನಾನವೂ ಕ್ಷಾರದ ಸೋಪೂ ಈ ಗಾರೆಯನ್ನು ದಿನಾ ಒಂದಿಷ್ಟು ತೊಳೆದು ಕಳಿಸುತ್ತವೆ. ಶಿಯಾ ಬೆಣ್ಣೆಯಲ್ಲಿ ಒಂದು ಹನಿ ನೀರಿಲ್ಲ. ಅದು ಚರ್ಮಕ್ಕೆ ತೇವ ಕೊಡುವುದಿಲ್ಲ, ಇದ್ದ ತೇವವನ್ನು ಹೋಗಗೊಡುವುದಿಲ್ಲ, ಅಷ್ಟೇ. ಒಣಗಿದ ಕಾಲಿಗೆ ಹಚ್ಚಿದಾಗ ನಾನು ಕಾಯುತ್ತಿದ್ದದ್ದು ಏನನ್ನೂ ಅಲ್ಲ.

ಮಾರನೆಯ ದಿನದಿಂದ ಕ್ರಮ ಬದಲಾಯಿತು. ಸ್ನಾನದ ನೀರು ಉಗುರುಬೆಚ್ಚಗೆ. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಕಣಕಾಲಿಗೆ ಬರೀ ನೀರು. ಟವೆಲಿನಿಂದ ಉಜ್ಜುವುದಿಲ್ಲ, ಒತ್ತಿ ಒರೆಸುತ್ತೇನೆ, ಅದೂ ಅರ್ಧಂಬರ್ಧ. ಕೂದಲ ಬುಡಗಳಲ್ಲಿ ಹನಿಗಳು ಇನ್ನೂ ಕೂತಿರುವಾಗಲೇ ಬೆಣ್ಣೆ ಸಿದ್ಧವಿರಬೇಕು. ಇದನ್ನು ಡಬ್ಬಿಯಿಂದ ಬೆರಳಿನಲ್ಲಿ ತೋಡಲು ಹೋದರೆ ಉಗುರಿನ ಸಂದಿಗೆ ಸೇರುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ಚಮಚದ ಹಿಂಬದಿಯ ಅಂಚಿನಿಂದ ಕೆರೆದರೆ ಸುರುಳಿಸುರುಳಿಯಾಗಿ ಏಳುತ್ತದೆ. ಬಟಾಣಿ ಗಾತ್ರದಷ್ಟನ್ನು ಎರಡು ಅಂಗೈಗಳ ನಡುವೆ ಇಟ್ಟು ಒತ್ತಿ ಹಿಡಿದರೆ ಮೊದಲು ಹಟ ಮಾಡುತ್ತದೆ, ಹತ್ತು ಎಣಿಸುವಷ್ಟರಲ್ಲಿ ಅಂಚುಗಳು ಗಾಜಿನಂತಾಗುತ್ತವೆ, ಆಮೇಲೆ ಒಮ್ಮೆಲೇ ಎಣ್ಣೆ. ನಮ್ಮ ಮೈಯ ಶಾಖದ ಆಸುಪಾಸಿನಲ್ಲಿಯೇ ಕರಗುವ ಕೊಬ್ಬು ಅದು. ಕರಗಿದ ಮೇಲೆ ಒದ್ದೆ ಕಾಲಿನ ಮೇಲೆ ಅಂಗೈಯನ್ನು ಒಂದೇ ದಿಕ್ಕಿನಲ್ಲಿ ಎಳೆದರೆ ನೀರು ಮತ್ತು ಎಣ್ಣೆ ಬೆರೆತು ಕ್ಷಣಕಾಲ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕಂಡರೆ ಸಮಯಕ್ಕೆ ಸರಿಯಾಗಿ ಹಚ್ಚಿದ್ದೇನೆ ಎಂದು ಅರ್ಥ. ಸ್ನಾನ ಮುಗಿದ ಮೂರು ನಿಮಿಷದೊಳಗೆ ಇದೆಲ್ಲ ಮುಗಿಯಬೇಕು ಎಂಬುದು ನಾನು ನನಗೇ ಹಾಕಿಕೊಂಡ ನಿಯಮ.

ನಾಲ್ಕನೆಯ ದಿನ ನವೆ ನಿಂತಿತು. ಎರಡು ವಾರಕ್ಕೆ ಕಣಕಾಲಿನ ಮೇಲೆ ಹೆಸರು ಬರೆಯಲು ಹೋದೆ, ಗೆರೆ ಮೂಡಲಿಲ್ಲ. ಅಷ್ಟಕ್ಕೇ ನಿಲ್ಲಿಸಿ ಐದು ನಕ್ಷತ್ರ ಕೊಟ್ಟುಬಿಟ್ಟಿದ್ದರೆ ಈ ವಿಮರ್ಶೆ ಚಿಕ್ಕದಾಗಿರುತ್ತಿತ್ತು, ಆದರೆ ಒಂದು ಸಂಶಯ ಕಾಡುತ್ತಿತ್ತು: ಗೆದ್ದದ್ದು ಬೆಣ್ಣೆಯೋ, ಒದ್ದೆ ಕಾಲೋ? ಆರನೆಯ ತಿಂಗಳಲ್ಲಿ, ಚಳಿ ಜೋರಾಗಿದ್ದಾಗ, ಪರೀಕ್ಷೆಗೆ ಇಳಿದೆ. ಎಡಗಾಲಿಗೆ ಶಿಯಾ ಬೆಣ್ಣೆ, ಬಲಗಾಲಿಗೆ ಸುಗಂಧವಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ. ಸ್ನಾನ ಒಂದೇ, ಹೊತ್ತು ಒಂದೇ. ಒಂದು ತಿಂಗಳು ಪೂರ್ತಿ, ಯಾವ ಕಾಲಿಗೆ ಯಾವುದು ಎಂದು ಕನ್ನಡಿಯ ಮೂಲೆಯಲ್ಲಿ ಚೀಟಿ ಅಂಟಿಸಿಕೊಂಡು.

ಫಲಿತಾಂಶ ಶಿಯಾ ಬೆಣ್ಣೆಯ ಅಭಿಮಾನಿಗಳಿಗೆ ರುಚಿಸಲಿಕ್ಕಿಲ್ಲ. ಸಂಜೆಯ ಹೊತ್ತಿಗೆ ಎರಡೂ ಕಾಲು ಹೆಚ್ಚುಕಡಿಮೆ ಒಂದೇ. ತೀರಾ ಚಳಿಯಿದ್ದ ದಿನಗಳಲ್ಲಿ ಬಲಗಾಲೇ ಒಂದು ಕೈ ಮೇಲೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಚರ್ಮದಿಂದ ನೀರು ಆರಿಹೋಗುವುದನ್ನು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ವಸ್ತುಗಳು ವಿರಳ, ಬೆಲೆಯಲ್ಲಿಯೂ ಅದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಆದರೆ ಜೆಲ್ಲಿ ಹಚ್ಚಿದ ಕಾಲಿಗೆ ಪ್ಯಾಂಟು ಅಂಟಿಕೊಳ್ಳುತ್ತದೆ, ಧೂಳು ಅಂಟಿಕೊಳ್ಳುತ್ತದೆ, ಮಧ್ಯಾಹ್ನವಾದರೂ ಅದು ಅಲ್ಲೇ ಕೂತಿರುತ್ತದೆ. ಶಿಯಾ ಬೆಣ್ಣೆ ಇಪ್ಪತ್ತು ನಿಮಿಷದಲ್ಲಿ ಇಂಗಿದಂತಾಗಿ, ಮುಟ್ಟಿದರೆ ಮೇಣ ತಿಕ್ಕಿದ ಮರದ ನುಣುಪು ಉಳಿಯುತ್ತದೆ. ದಿನಾ ಹಚ್ಚಿಕೊಳ್ಳಲು ಮನಸ್ಸು ಒಪ್ಪುವುದು ಇದನ್ನೇ. ಮನಸ್ಸು ಒಪ್ಪದ ಔಷಧ ಡಬ್ಬಿಯಲ್ಲಿಯೇ ಉಳಿಯುತ್ತದೆ ಎಂಬುದು ನನ್ನ ಬಲಗಾಲಿನ ಅನುಭವ. ಪರೀಕ್ಷೆ ಮುಗಿದ ದಿನವೇ ಜೆಲ್ಲಿಗೆ ವಿದಾಯ ಹೇಳಿದ್ದೆ.

ಕೈಗಳಿಗೆ ಇದು ಚೆನ್ನಾಗಿ ಒಗ್ಗಿದೆ. ಪಾತ್ರೆ ತೊಳೆದು ಬಿರಿದ ಗೆಣ್ಣುಗಳು ವಾರದೊಳಗೆ ಸರಿಹೋದವು. ಹಚ್ಚಿದ ಕೂಡಲೇ ಮೊಬೈಲ್ ಮುಟ್ಟಬಾರದು, ಬಾಗಿಲ ಹಿಡಿ ತಿರುಗಿಸಬೇಕಿದ್ದರೆ ಯಾರನ್ನಾದರೂ ಕರೆಯಬೇಕು. ತುಟಿಗೂ ಪರವಾಗಿಲ್ಲ.

ಮುಖಕ್ಕೆ ಬೇಡವೇ ಬೇಡ, ಅಂದರೆ ನನ್ನ ಮುಖಕ್ಕೆ. ಹತ್ತೇ ದಿನದಲ್ಲಿ ಹಣೆ ಮತ್ತು ಗಲ್ಲದ ಮೇಲೆ ಸಣ್ಣ ಗುಳ್ಳೆಗಳು ಎದ್ದವು. ಒಣ ಚರ್ಮದವರ ಮುಖದಲ್ಲಿಯೂ ಮೂಗಿನ ಅಕ್ಕಪಕ್ಕ ಜಿಡ್ಡು ಒಸರುವ ಜಾಗಗಳಿರುತ್ತವೆ. ಅಲ್ಲಿಗೆ ಇಷ್ಟು ಭಾರದ ಕೊಬ್ಬು ಹೊರೆಯಾಗುತ್ತದೆ. ನಿಲ್ಲಿಸಿದ ಮೇಲೆ ಗುಳ್ಳೆ ಇಳಿಯಲು ಮೂರು ವಾರ ಹಿಡಿಯಿತು. ಮುಖಕ್ಕೆ ಮತ್ತೆ ಗ್ಲಿಸರಿನ್ ಇರುವ ಹಗುರ ಕ್ರೀಮಿಗೆ ಮರಳಿದೆ. ಗ್ಲಿಸರಿನ್ ನೀರನ್ನು ಎಳೆದು ಹಿಡಿದುಕೊಳ್ಳುವ ಜಾತಿಯದು. ಬೆಣ್ಣೆ ಮಾಡದ ಕೆಲಸವನ್ನು ಅದು ಮಾಡುತ್ತದೆ.

ಹಿಮ್ಮಡಿಯ ವಿಷಯದಲ್ಲಿ ದೊಡ್ಡ ಆಸೆ ಇಟ್ಟುಕೊಂಡಿದ್ದೆ, ಅದು ಫಲಿಸಲಿಲ್ಲ. ಎರಡು ತಿಂಗಳು ರಾತ್ರಿ ಕಾಲು ನೆನೆಸಿ, ಬೆಣ್ಣೆ ಹಚ್ಚಿ, ಸಾಕ್ಸ್ ಹಾಕಿ ಮಲಗಿದೆ. ಅಂಚುಗಳು ಮೆತ್ತಗಾದವು, ಬಿರುಕು ಮುಚ್ಚಲಿಲ್ಲ. ಅಲ್ಲಿನ ಚರ್ಮ ಒಣಗಿದ್ದಷ್ಟೇ ಅಲ್ಲ, ದಪ್ಪಗಟ್ಟಿದೆ. ದಪ್ಪವನ್ನು ಕರಗಿಸುವ ಶಕ್ತಿ ಬೆಣ್ಣೆಗಿಲ್ಲ. ಕೊನೆಗೆ ಕೆಲಸ ಮಾಡಿದ್ದು ಯೂರಿಯಾ ಸೇರಿದ ಕ್ರೀಮು, ಅದರ ಮೇಲೆ ಹೊದಿಕೆಯಾಗಿ ಈ ಬೆಣ್ಣೆ. ಬಿರುಕಿನಿಂದ ರಕ್ತ ಬರುತ್ತಿದ್ದರೆ, ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಡಬ್ಬಿಗಳ ಸಹವಾಸ ಬಿಟ್ಟು ಮೊದಲು ವೈದ್ಯರಿಗೆ ಕಾಲು ತೋರಿಸುವುದು ಕ್ಷೇಮ.

ಎರಡನೆಯ ಡಬ್ಬಿಯ ಕಥೆ ಹೇಳಲೇಬೇಕು. ಮೊದಲನೆಯದು ಸಿಗಲಿಲ್ಲವೆಂದು ಬೇರೊಬ್ಬ ಮಾರಾಟಗಾರರಿಂದ ತರಿಸಿದೆ. ಮುಚ್ಚಳದ ಮೇಲೆ ಎಲೆ, ಹೂವು, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ದಪ್ಪಕ್ಷರ. ತೆರೆದರೆ ಘಮಘಮ ಲ್ಯಾವೆಂಡರ್. ಮೂರನೆಯ ದಿನ ಮೊಣಕಾಲಿನ ಹಿಂಭಾಗ ಕೆಂಪಗೆ ಉರಿಯತೊಡಗಿತು. ಭೂತಗನ್ನಡಿ ಹಿಡಿದು ಓದಿದರೆ ತಳದಲ್ಲಿ ಸಣ್ಣಕ್ಷರದಲ್ಲಿ ಸುಗಂಧ ತೈಲದ ಹೆಸರು. ಸುಳ್ಳು ಹೇಳಿದ್ದಾರೆ ಎನ್ನುವ ಹಾಗಿಲ್ಲ, ಲ್ಯಾವೆಂಡರ್ ಕೂಡ ಗಿಡವೇ. ಆದರೆ ಗಿಡದಿಂದ ಬಂದದ್ದೆಲ್ಲ ಚರ್ಮಕ್ಕೆ ಮಿತ್ರ ಎಂದು ಯಾರು ಹೇಳಿದರು? ತುರಿಕೆ ಸೊಪ್ಪೂ ನೈಸರ್ಗಿಕವೇ. ಹಿಂತಿರುಗಿಸುತ್ತೇನೆ ಎಂದರೆ ತೆರೆದ ಡಬ್ಬಿಯನ್ನು ಪಡೆಯುವುದಿಲ್ಲ ಎಂಬ ಉತ್ತರ ಬಂತು. ಆ ಡಬ್ಬಿ ಈಗ ಚರ್ಮದ ಚಪ್ಪಲಿಗೆ ಹೊಳಪು ಕೊಡುತ್ತಿದೆ, ಆ ಕೆಲಸದಲ್ಲಿ ದೂರುವಂಥದ್ದೇನಿಲ್ಲ. ಅಂದಿನಿಂದ ಹೊಸತು ಯಾವುದೇ ಬಂದರೂ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ, ದಿನಕ್ಕೆರಡು ಸಲ, ಒಂದು ವಾರ ನೋಡಿಯೇ ಮುಂದಿನ ಮಾತು.

ಮೂರನೆಯದು ಮತ್ತೆ ಹಳೆಯ ಮಾರಾಟಗಾರರದ್ದು. ಬೇಸಿಗೆಯಲ್ಲಿ ಪೂರ್ತಿ ಕರಗಿ, ನಿಧಾನವಾಗಿ ಮತ್ತೆ ಗಟ್ಟಿಯಾದಾಗ ಒಳಗೆಲ್ಲ ಮರಳಿನಂಥ ಕಾಳುಗಳು ಕಟ್ಟಿದವು. ಹಾಳಾದದ್ದಲ್ಲ, ಅದರಲ್ಲಿರುವ ಗಟ್ಟಿ ಕೊಬ್ಬು ಮೊದಲು ಹೆಪ್ಪುಗಟ್ಟಿ ಬೇರೆಯಾಗುವುದರಿಂದ ಹೀಗಾಗುತ್ತದೆ. ಅಂಗೈಯಲ್ಲಿ ಕರಗಿಹೋಗುತ್ತವೆ. ಕಿರಿಕಿರಿ ಎನಿಸಿದರೆ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಕೂಡಲೇ ಫ್ರಿಜ್‌ನಲ್ಲಿಟ್ಟು ಬೇಗ ತಣಿಸಬೇಕು. ನಾನು ಎರಡು ಸಲ ಮಾಡಿದೆ, ಈಗ ಆ ಉಸಾಬರಿಗೆ ಹೋಗುವುದಿಲ್ಲ.

ಕಮಟು ವಾಸನೆಯ ಮಾತು ಬೇರೆ. ಮೊದಲ ಡಬ್ಬಿಯನ್ನು ಸ್ನಾನದ ಮನೆಯ ಕಿಟಕಿಯಲ್ಲಿಟ್ಟು, ಒದ್ದೆ ಬೆರಳು ಅದ್ದಿ ಅದ್ದಿ ಬಳಸಿ, ತಳದ ಒಂದು ಪದರವನ್ನು ಕಳೆದುಕೊಂಡೆ. ಬೀಜದ ವಾಸನೆ ಹೋಗಿ ಹಳೆಯ ಬಣ್ಣದ ಡಬ್ಬಿಯ ವಾಸನೆ ಹಿಡಿದಿತ್ತು. ಗಾಳಿ, ಬೆಳಕು, ಶಾಖ ಮೂರೂ ಕೊಬ್ಬಿನ ಶತ್ರುಗಳು; ನೀರು ಸೇರಿದರೆ ಬೂಷ್ಟಿಗೂ ದಾರಿ. ಈಗ ದೊಡ್ಡ ಡಬ್ಬಿ ಕಪಾಟಿನ ಕತ್ತಲೆಯಲ್ಲಿ, ವಾರಕ್ಕಾಗುವಷ್ಟು ಮಾತ್ರ ಸಣ್ಣ ಕರಡಿಗೆಯಲ್ಲಿ.

ಇನ್ನು ಖರ್ಚು. ತೂಕಕ್ಕೆ ಹೋಲಿಸಿದರೆ ಡಬ್ಬಿ ನನ್ನ ಹಳೆಯ ಲೋಷನ್ನಿಗಿಂತ ದುಬಾರಿಯಾಗಿಯೇ ಕಂಡಿತ್ತು. ಆದರೆ 14 ತಿಂಗಳಲ್ಲಿ ನಾನು ಕೊಂಡದ್ದು ಮೂರು ಡಬ್ಬಿ, ಅದರಲ್ಲಿ ಒಂದು ಚಪ್ಪಲಿಯ ಪಾಲು. ಮೂರು ವಾರಕ್ಕೊಂದರಂತೆ ಲೋಷನ್ ಮುಂದುವರಿಸಿದ್ದರೆ ಇಷ್ಟರಲ್ಲಿ ಇಪ್ಪತ್ತು ಬಾಟಲಿ ಮುಗಿದಿರುತ್ತಿತ್ತು. ತಲೆದಿಂಬಿನ ಕವರಿಗೂ ಎರಡು ಬಿಳಿ ಪಂಚೆಗಳಿಗೂ ಆದ ಎಣ್ಣೆ ಕಲೆಯನ್ನು ಲೆಕ್ಕಕ್ಕೆ ಹಿಡಿದರೂ ಉಳಿತಾಯವೇ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ಹಿಮ್ಮಡಿಗೆ, ಅರ್ಧ ಮುಖಕ್ಕೆ, ಇನ್ನರ್ಧ ಆ ಹೊಗೆ ವಾಸನೆಗೆ. ಕೊಟ್ಟ ಮೂರೂವರೆಯಲ್ಲಿ ಎಷ್ಟು ಒದ್ದೆ ಕಾಲಿನದ್ದು ಎಂದು ಅಕ್ಕ ಕೇಳಿದಳು. ಎರಡು ಎಂದೆ. ಕಡಿಮೆಯಾಯಿತು ಎಂದಳು.