ವಿಮಾನದ ಟಿಕೆಟ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ, ಇವತ್ತೇ ನೋಡಿ

ಮುಂಬೈಯಿಂದ ಊರಿಗೆ ಏಜೆಂಟ್ ಮೂಲಕ ವಿಮಾನದ ಟಿಕೆಟ್ ಮಾಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ತಮ್ಮನ ಮಗನ ಮದುವೆ ಉಡುಪಿಯಲ್ಲಿ, ಭಾನುವಾರ ಬೆಳಿಗ್ಗೆ ಧಾರೆ. ಶನಿವಾರ ಬೆಳಗಿನ ಮಂಗಳೂರು ವಿಮಾನಕ್ಕೆ ನನಗೂ 74 ವರ್ಷದ ಅಮ್ಮನಿಗೂ ಟಿಕೆಟ್ ಆಗಿತ್ತು. ಧಾರೆ ಸೀರೆ ಅಮ್ಮನೇ ದಾದರ್‌ನಲ್ಲಿ ಅರ್ಧ ದಿನ ಅಂಗಡಿ ಅಂಗಡಿ ತಿರುಗಿ ತಂದದ್ದು. ಅದನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು, ಡೊಂಬಿವಿಲಿಯಿಂದ ರಾತ್ರಿ ಎರಡೂವರೆಗೆ ಟ್ಯಾಕ್ಸಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಚೀಲ ಅಮ್ಮನ ಮಡಿಲಲ್ಲೇ ಇತ್ತು.

ಏರ್‌ಪೋರ್ಟ್ ತಲುಪಿದರೆ ಬೋರ್ಡ್ ಮೇಲೆ ನಮ್ಮ ವಿಮಾನದ ಮುಂದೆ ಕೆಂಪು ಅಕ್ಷರದಲ್ಲಿ ರದ್ದು ಅಂತ ಬಂದಿತ್ತು. ಕ್ಯಾಬಿನ್ ಸಿಬ್ಬಂದಿ ಮುಷ್ಕರ. ಮೆಸೇಜ್ ಹಿಂದಿನ ದಿನ ಸಂಜೆ ಏಳಕ್ಕೇ ಹೋಗಿತ್ತಂತೆ, ಆದರೆ ನನಗಲ್ಲ, ಏಜೆಂಟ್‌ಗೆ. ಟಿಕೆಟ್ ಮಾಡುವಾಗ ಅವನು ತನ್ನ ನಂಬರ್ ಮತ್ತು ತನ್ನ ಇಮೇಲನ್ನೇ ಹಾಕಿದ್ದ. ರಾತ್ರಿ ಫೋನ್ ಆಫ್ ಮಾಡಿ ಮಲಗಿದ್ದ. ಅದೇ ವಿಮಾನದಲ್ಲಿ ಬರಬೇಕಿದ್ದ ಇನ್ನೊಬ್ಬ ನೆಂಟರ ಟಿಕೆಟ್‌ನಲ್ಲಿ ಅವರದ್ದೇ ನಂಬರ್ ಇತ್ತು, ಮೆಸೇಜ್ ನೋಡಿದ ಕೂಡಲೇ ಬೇರೆ ಕಂಪನಿಯ ವಿಮಾನಕ್ಕೆ ಸೀಟು ಮಾಡಿಕೊಂಡು ಶನಿವಾರ ಮಧ್ಯಾಹ್ನದ ಊಟಕ್ಕೆ ಉಡುಪಿಯಲ್ಲಿದ್ದರು. ಬೆಳಗಿನ ಜಾವ ನಾನು ನೋಡುವಾಗ ಒಂದು ಸೀಟೂ ಉಳಿದಿರಲಿಲ್ಲ. ಊರಿಗೆ ಹೋಗುವ ಮತ್ಸ್ಯಗಂಧ ರೈಲು ಪೂರ್ತಿ ವೇಟಿಂಗ್ ಲಿಸ್ಟ್. ಅಮ್ಮನನ್ನು ಜನರಲ್ ಬೋಗಿಗೆ ಹತ್ತಿಸುವುದು ಆಗದ ಮಾತು.

ಇನ್ನು ಕೌಂಟರಿನ ವಿಷಯ. ಅಲ್ಲಿದ್ದ ಹುಡುಗಿಗೆ ಹೆಚ್ಚೆಂದರೆ 22 ವರ್ಷ ಇರಬಹುದು. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಕೊನೆಗೆ ಹಳೆಯ ಬ್ಯಾಗೇಜ್ ಟ್ಯಾಗ್‌ನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು ತೋರಿಸುತ್ತಿದ್ದಳು. ‘ಸಂಬಳ ಸಾಲದಿದ್ದರೆ ಕೆಲಸ ಬಿಟ್ಟು ಹೋಗಿ, ನಮ್ಮನ್ನು ಯಾಕೆ ಸಾಯಿಸ್ತೀರಿ’ ಅಂತ ಒಬ್ಬರು ಅವಳ ಮುಖಕ್ಕೇ ಹೇಳಿದರು. ಸುತ್ತ ಇದ್ದವರು ತಲೆ ಆಡಿಸಿದರು. ನಾನೂ ರೇಗಿದೆ, ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತಿದೆ. ಅವಳು ಮುಷ್ಕರ ಮಾಡಿದವಳೇ ಅಲ್ಲ, ಕೌಂಟರ್ ನೋಡಿಕೊಳ್ಳುವ ಬೇರೆ ಏಜೆನ್ಸಿಯವಳು.

ಮುಷ್ಕರ ಮಾಡಿದವರ ಮಾತೂ ಸುಳ್ಳಲ್ಲ. ನಮ್ಮ ಬಿಲ್ಡಿಂಗ್‌ನಲ್ಲೇ ಒಬ್ಬಳು ಗಗನಸಖಿ ಇದ್ದಾಳೆ, ಅವಳ ಅಮ್ಮ ನಮ್ಮ ಅಮ್ಮನ ಜೊತೆ ಭಜನೆಗೆ ಬರುತ್ತಾರೆ. ಎಷ್ಟೋ ಕಂಪನಿಗಳಲ್ಲಿ ಭತ್ಯೆ ಸಿಗುವುದು ವಿಮಾನ ಓಡುವ ಗಂಟೆಗಳಿಗೆ ಮಾತ್ರ. ಜನರನ್ನು ಹತ್ತಿಸುವ, ಬ್ಯಾಗ್ ಜೋಡಿಸುವ, ತಡವಾದಾಗ ಬೈಗುಳ ತಿನ್ನುವ ಹೊತ್ತು ಲೆಕ್ಕಕ್ಕಿಲ್ಲ. ಇದೇ ವಿಷಯಕ್ಕೆ 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ 10,000ಕ್ಕೂ ಜಾಸ್ತಿ ಸಿಬ್ಬಂದಿ ಮುಷ್ಕರಕ್ಕೆ ಇಳಿದರು, ಅಲ್ಲಿಯ ಸರ್ಕಾರ ಒಂದು ದಿನವೂ ಕಾಯದೆ ಮಧ್ಯೆ ಬಂತು, ಆದರೂ ಅವರು ಜಗ್ಗಲಿಲ್ಲ. ಅಲ್ಲಿಯ ಜನ ತೊಂದರೆ ಪಟ್ಟರೂ ತುಂಬಾ ಮಂದಿ ಅವರ ಪರವಾಗಿಯೇ ಮಾತಾಡಿದರು. ನಮ್ಮಲ್ಲಿ ‘ಟ್ರೇ ಹಿಡಿಯೋದಕ್ಕೆ ಇಷ್ಟು ಸಂಬಳ ಸಾಲದಾ’ ಅನ್ನುತ್ತಾರೆ. 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇರಲೇಬೇಕು ಅನ್ನುವ ನಿಯಮ ಟ್ರೇ ಹಿಡಿಯಲಿಕ್ಕೆ ಮಾಡಿದ್ದಲ್ಲ, ಬೆಂಕಿ ಬಿದ್ದರೆ ನಮ್ಮನ್ನು ಹೊರಗೆ ಕಳಿಸಲಿಕ್ಕೆ. 180 ಸೀಟಿನ ವಿಮಾನಕ್ಕೆ 4 ಜನ ಬೇಕು, ಮೂವರೇ ಬಂದರೆ ವಿಮಾನ ಏಳುವುದಿಲ್ಲ.

ಹಾಗಾಗಿ ಸಿಟ್ಟನ್ನು ಅಲ್ಲಿ ಕಳೆಯಬೇಡಿ. ನೋಡಬೇಕಾದ್ದು ಬೇರೆ ಇದೆ.

ಟಿಕೆಟ್ ಕೈಗೆ ಬಂದ ದಿನವೇ ಪಿಎನ್‌ಆರ್ ಹಾಕಿ, ವಿಮಾನ ಕಂಪನಿಯ ಆಪ್‌ನಲ್ಲಿ ನಿಮ್ಮ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಏಜೆಂಟ್ ಹತ್ತಿರ ಜಗಳವಾಡಿಯಾದರೂ ಹಾಕಿಸಿ. ಇದು ಬರೀ ಮೆಸೇಜಿನ ವಿಷಯ ಅಲ್ಲ. ಹೇಳದೆ ವಿಮಾನ ರದ್ದು ಮಾಡಿದರೆ ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ ₹7,500, ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅಷ್ಟು ಪರಿಹಾರ ಅಂತ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ, ಆದರೆ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಅದು ಇಲ್ಲ. ತನ್ನ ಕೈಮೀರಿದ ಮುಷ್ಕರ ಅಂತ ಕಂಪನಿ ಹೇಳಿದರೂ ಆ ಪರಿಹಾರ ಸಿಗುವುದಿಲ್ಲ. ಆದರೆ ಪೂರ್ತಿ ರಿಫಂಡ್ ಅಥವಾ ಬೇರೆ ವಿಮಾನ, ಇವೆರಡರಲ್ಲಿ ಒಂದು ಕೊಡಲೇಬೇಕು. ಹಣ ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಟಿಕೆಟ್‌ಗೆ ಅಂತ ತಮ್ಮಲ್ಲೇ, ಇಡ್ತೇವೆ ಅಂದರೆ ಬೇಡ ಅನ್ನಿ. ಇಡುವುದೋ ಬಿಡುವುದೋ ನಿಮ್ಮ ಇಷ್ಟ, ಅವರದ್ದಲ್ಲ.

ಇನ್ನೊಂದು. ಮುಷ್ಕರದ ಸುದ್ದಿ ಟಿವಿಯಲ್ಲಿ ಬಂತು ಅಂತ ಹೆದರಿ ನೀವಾಗಿ ಕ್ಯಾನ್ಸಲ್ ಮಾಡಬೇಡಿ. ಭಾವನವರು ಎರಡು ದಿನ ಮೊದಲೇ ಮಾಡಿಬಿಟ್ಟರು, ನಾಲ್ಕು ಟಿಕೆಟ್‌ಗೆ ಕ್ಯಾನ್ಸಲೇಶನ್ ಚಾರ್ಜ್ ಕಳೆದು ಕೈಗೆ ಬಂದದ್ದು ₹2,300. ಕಂಪನಿಯೇ ರದ್ದು ಮಾಡುವ ತನಕ ಕಾದಿದ್ದರೆ ಪೂರ್ತಿ ಬರುತ್ತಿತ್ತು. ರಿಫಂಡ್ ಎಳೆದಾಡಿದರೆ ವಿಮಾನ ಪ್ರಯಾಣಿಕರ ದೂರಿಗೆ ಇರುವ ಸರ್ಕಾರದ ಏರ್‌ಸೇವಾ ವೆಬ್‌ಸೈಟ್‌ನಲ್ಲಿ ದೂರು ಹಾಕಿ. ನಾನು ಹಾಕಿದ್ದೇನೆ. ಏಜೆಂಟ್ ಕೊಡಬೇಕು ಅಂತ ಕಂಪನಿ, ಕಂಪನಿ ಕೊಡಬೇಕು ಅಂತ ಏಜೆಂಟ್ ಆಡಿಸಿದರೆ ಬಿಡಬೇಡಿ. ಏಜೆಂಟ್ ಕಂಪನಿಯ ಪ್ರತಿನಿಧಿ, ಹಣ ಬರುವಂತೆ ನೋಡಿಕೊಳ್ಳುವುದು ಕಂಪನಿಯ ಹೊಣೆ.

ನಮಗೆ ಸಿಕ್ಕಿದ್ದು ಭಾನುವಾರ ಮಧ್ಯಾಹ್ನದ ವಿಮಾನ. ಧಾರೆಯನ್ನು ಅಮ್ಮ ಡೊಂಬಿವಿಲಿಯ ಅಡುಗೆಮನೆಯಲ್ಲಿ ನಿಂತು ವಿಡಿಯೋ ಕಾಲ್‌ನಲ್ಲಿ ನೋಡಿದರು. ಮದುಮಗಳು ಶನಿವಾರ ಸಂಜೆ ಉಡುಪಿಯಲ್ಲಿ ಅವಸರದಲ್ಲಿ ತಂದ ಸೀರೆ ಉಟ್ಟಿದ್ದಳು. ನಾವು ಮನೆ ತಲುಪುವಾಗ ರಾತ್ರಿ ಆಗಿತ್ತು, ಚಪ್ಪರದ ಲೈಟ್ ಬಿಚ್ಚುತ್ತಿದ್ದರು. ಅಮ್ಮ ಪಂಚೆ ಬಿಡಿಸಿ ಸೀರೆ ಕೈಗಿಟ್ಟಾಗ ಆ ಹುಡುಗಿ ಒಳಗೆ ಹೋಗಿ ಅದನ್ನೇ ಉಟ್ಟುಕೊಂಡು ಬಂದು ಅಮ್ಮನ ಕಾಲಿಗೆ ಬಿದ್ದಳು.